ಸಿಂಹಿಣಿಯ ಹಿಂಗಾಲು

ನಮ್ಮ ಅಕ್ಕ ಶಿರೂರಿನ ಸುತ್ತ ಏಳೆಂಟು ಹಳ್ಳಿಗಳಲ್ಲಿ ಒಂದೂ ಮಣ್ಣು ತಪ್ಪಿಸಿದವಳಲ್ಲ. ಸತ್ತವರನ್ನು ಹೂಳಲಿಕ್ಕೆ ಹೋಗುವುದನ್ನು ನಮ್ಮ ಕಡೆ ಮಣ್ಣಿಗೆ ಹೋಗುವುದು ಎನ್ನುತ್ತೇವೆ. ಮದುವೆಗೆ ಕರೆದರೆ ಮೊಣಕಾಲು ನೋವು ಎನ್ನುವ ಅಕ್ಕ, ಮಣ್ಣು ಎಂದರೆ ಸಾಕು, ಸಿಕ್ಕ ಟಂಟಂ ರಿಕ್ಷಾ ಹತ್ತಿ ಹೊರಟುಬಿಡುತ್ತಾಳೆ. ಕುಣಿ ಎಷ್ಟು ಆಳ ಇರಬೇಕು, ವಿಭೂತಿ ಎಷ್ಟು ಬೇಕು, ಅಳುವ ಹೆಣ್ಣುಮಕ್ಕಳನ್ನು ಯಾವಾಗ ಎಬ್ಬಿಸಬೇಕು, ಎಲ್ಲ ಅವಳಿಗೆ ಬಾಯಿಪಾಠ. ತಪ್ಪು ಕಂಡರೆ ಸತ್ತವರ ಮಗನಿಗೂ ಅಲ್ಲೇ ನಿಂತು ಬೈಯುತ್ತಾಳೆ.

ಇಂಥವಳನ್ನು ಕರೆದುಕೊಂಡು ನಾನು ಲಂಡನ್ನಿನ ದೊಡ್ಡ ಮ್ಯೂಸಿಯಂಗೆ ಹೋದೆ. ಹುನಗುಂದದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದು ನಿವೃತ್ತನಾದ ಮೇಲೆ, ಬಾಗಲಕೋಟೆಯಿಂದ ಹೊರಡುವ ಒಂದು ಗುಂಪಿನ ಪ್ರವಾಸಕ್ಕೆ ಹೆಸರು ಹಚ್ಚಿದ್ದೆ. ಹತ್ತು ದಿನ, ಜೊತೆಗೆ ಅಡಿಗೆಯವನೂ ಬರುತ್ತಾನೆ ಎಂದಿದ್ದರು. ಹೆಂಡತಿಯನ್ನು ಕರೆದರೆ, "ನಾ ಬಾದಾಮಿ ಗುಡ್ಡಾನ ಹತ್ತಾಂಗಿಲ್ಲ, ಇಮಾನ ಹತ್ತತೇನೇನು" ಎಂದು ಒಳಗೆ ಹೋದಳು. ಆ ಸುದ್ದಿ ಶಿರೂರಿಗೆ ಮುಟ್ಟಲಿಕ್ಕೆ ಅರ್ಧ ತಾಸು ಹಿಡಿಯಲಿಲ್ಲ. ಅಕ್ಕ ಫೋನ್ ಮಾಡಿ, "ತಮ್ಮಾ, ನಾ ಬರ್ತೇನಿ. ನನಗೂ ಎಪ್ಪತ್ತಾತು, ನೋಡೂದೆಲ್ಲ ನೋಡಿಬಿಡ್ತೇನಿ" ಎಂದಳು. ಬೇಡ ಎನ್ನುವ ಧೈರ್ಯ ನನಗೆ ಯಾವತ್ತೂ ಇದ್ದಿದ್ದಿಲ್ಲ. ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ.

ನಾನು ಅಷ್ಟು ದೂರ ಹೋದದ್ದು ಒಂದು ಪ್ರಾಣಿಯ ಎರಡು ಕಾಲು ನೋಡಲಿಕ್ಕೆ. ಅದೊಂದು ಕಲ್ಲಿನ ಉಬ್ಬುಚಿತ್ರ. ಇರಾಕಿನ ಕಡೆಯ ಯಾವುದೋ ಕಾಲದ ರಾಜ ತಾನು ಸಿಂಹದ ಬೇಟೆಯಾಡಿದ್ದನ್ನು ಅರಮನೆಯ ಗೋಡೆಯ ತುಂಬ ಕೆತ್ತಿಸಿದ್ದನಂತೆ. ಅದರಲ್ಲಿ ಒಂದು ಸಿಂಹಿಣಿ ಇದೆ. ಬೆನ್ನಿಗೆ ಬಾಣ ನಟ್ಟಿವೆ. ಮುಂಗಾಲು ಊರಿ, ಕತ್ತು ಚಾಚಿ, ಬಾಯಿ ತೆರೆದು ಒದರುತ್ತಿದೆ. ಧಾರವಾಡದಲ್ಲಿ ನಾನು ಡ್ರಾಯಿಂಗ್ ಡಿಪ್ಲೊಮಾ ಓದುವಾಗ ಕಡೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಗೆ ಇದೇ ಚಿತ್ರ ಬಂತು. ಮುಖ ಬಂತು, ಮುಂಗಾಲು ಬಂದವು, ಹಿಂಗಾಲು ಬರಲಿಲ್ಲ. ಪರೀಕ್ಷಕರು ಕೆಂಪು ಪೆನ್ಸಿಲಿನಿಂದ ಆ ಎರಡು ಕಾಲಿಗೆ ಸುತ್ತು ಹಾಕಿ ಪಾಸು ಮಾಡಿದರು.

ಅಲ್ಲಿಂದ ಆ ಕಾಲು ನನ್ನ ಬೆನ್ನು ಹತ್ತಿದವು. ನೌಕರಿಯುದ್ದಕ್ಕೂ ವರ್ಷಕ್ಕೊಮ್ಮೆ ಹತ್ತನೆಯ ಇಯತ್ತೆಯ ಹಲಗೆಯ ಮೇಲೆ ಆ ಸಿಂಹಿಣಿಯನ್ನು ತೆಗೆದೆ. ಒಂದು ವರ್ಷ ಹಿಂಗಾಲು ಜಿಗಿಯುವ ಹಾಗೆ ಬಂದವು, ಮತ್ತೊಂದು ವರ್ಷ ಕೂತ ಹಾಗೆ. ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ನಾಯಿ ಯಾಕ ಅಳಾಕತ್ತೈತ್ರಿ" ಎಂದು ಕೇಳಿದಳು. ನಾನು ಚಾಕ್‌ಪೀಸು ಒಗೆದು ಸ್ಟಾಫ್ ರೂಮಿಗೆ ಹೋದೆ. ಪುಸ್ತಕದ ಮಸುಕು ಚಿತ್ರ ನೋಡಿ ತೆಗೆಯುವುದರಿಂದ ಹೀಗಾಗುತ್ತದೆ, ಮೂಲ ಕಲ್ಲಿನ ಮುಂದೆ ಒಂದು ತಾಸು ಕೂತರೆ ಎಲ್ಲ ಸರಿಹೋಗುತ್ತದೆ ಎಂದು ನನ್ನ ಮನಸ್ಸಿಗೆ ನಾನೇ ಹೇಳಿಕೊಂಡಿದ್ದೆ.

ಆ ಪರೀಕ್ಷೆಯ ದಿನ ಇನ್ನೊಂದು ನಡೆದಿತ್ತು. ಅವತ್ತು ಬೆಳಿಗ್ಗೆ ಶಿರೂರಿನಲ್ಲಿ ನಮ್ಮವ್ವ ತೀರಿಕೊಂಡಳು. ನಾನು ಊರು ಮುಟ್ಟಿದಾಗ ಹೊತ್ತು ಮುಳುಗಿ, ಮಣ್ಣು ಮುಗಿದು, ಮಂದಿಯೆಲ್ಲ ಸ್ನಾನ ಮಾಡಿ ಕಟ್ಟೆಯ ಮೇಲೆ ಕೂತಿದ್ದರು. ಕುಳಗೇರಿ ಕ್ರಾಸಿನಲ್ಲಿ ಬಸ್ಸು ತಪ್ಪಿತು ಎಂದು ಹೇಳಿದೆ. ಎಲ್ಲರೂ ನಂಬಿದರು, ಅಕ್ಕನೊಬ್ಬಳನ್ನು ಬಿಟ್ಟು. ಮೂವತ್ತೊಂಬತ್ತು ವರ್ಷದಿಂದ ನಮ್ಮಿಬ್ಬರ ಯಾವ ಜಗಳವಿದ್ದರೂ, ಅದು ಸೊಸೆಯ ವಿಷಯವಿರಲಿ, ಶೇಂಗಾ ಚಟ್ನಿಯ ಉಪ್ಪಿನ ವಿಷಯವಿರಲಿ, ಕಡೆಗೆ ಅವಳ ಬಾಯಿಂದ ಬರುವುದು ಒಂದೇ ಮಾತು: "ಅವ್ವನ ಮಣ್ಣಿಗೆ ಬರಲಾರದಾಂವ ನೀ." ಅಲ್ಲಿಗೆ ನನ್ನ ಬಾಯಿ ಬಂದಾಗುತ್ತದೆ. ಬೇಡ ಎನ್ನುವ ಧೈರ್ಯ ಇಲ್ಲ ಎಂದೆನಲ್ಲ, ಅದಕ್ಕೆ ಕಾರಣ ಇದು.

ಮ್ಯೂಸಿಯಂನ ಬಾಗಿಲಿನಲ್ಲಿ ನಮ್ಮ ಪ್ರವಾಸದ ಮ್ಯಾನೇಜರ್, ಹುಬ್ಬಳ್ಳಿಯವನು, ಕೋಲಿಗೆ ಕೆಂಪು ವಸ್ತ್ರ ಕಟ್ಟಿಕೊಂಡು ನಿಂತು ಹೇಳಿದ: "ಹತ್ತೂವರಿಗೆ ಒಳಗ, ಹನ್ನೆರಡೂವರಿಗೆ ಬಸ್. ಒಂದ್ ನಿಮಿಷ ಹೆಚ್ಚಾದ್ರ ಡ್ರೈವರ್ ನಿಲ್ಲಾಂಗಿಲ್ರಿ." ಎರಡು ತಾಸು. ಮೊದಲು ಸಿಂಹಿಣಿ, ಉಳಿದದ್ದು ಆಮೇಲೆ ಎಂದು ನಾನು ಲೆಕ್ಕ ಹಾಕಿದ್ದೆ. ಆದರೆ ಗುಂಪಿಗೆಲ್ಲ ಬೇಕಾದದ್ದು ಮಮ್ಮಿಗಳು, ಕೆಡದಂತೆ ಕಾದಿಟ್ಟ ಹಳೆಯ ಕಾಲದ ಹೆಣಗಳು. ಕೆಂಪು ವಸ್ತ್ರ ನೆಟ್ಟಗೆ ಮೇಲಂತಸ್ತಿಗೆ ಹೊರಟಿತು, ಅದರ ಹಿಂದೆ ಅಕ್ಕ, ಅಕ್ಕನ ಹಿಂದೆ ಹಲ್ಲು ಕಡಿಯುತ್ತ ನಾನು.

ಮಮ್ಮಿ ಎಂದರೇನು ಎಂದು ಅಕ್ಕನಿಗೆ ಯಾರೂ ಹೇಳಿರಲಿಲ್ಲ. ನಾನಂತೂ ಬೇಕೆಂದೇ ಹೇಳಿರಲಿಲ್ಲ. ಬಣ್ಣದ ಪೆಟ್ಟಿಗೆಗಳನ್ನು ನೋಡುತ್ತ, "ಎಷ್ಟ್ ಛಂದ ತಗದಾರ ನೋಡೋ, ನಿನಗ ಹಿಂಗ ಬರತೈತೇನು" ಎಂದು ಕೇಳುತ್ತ ಬಂದಳು. ಪಕ್ಕದ ಕೋಣೆಯಲ್ಲಿ ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತುಬಿಟ್ಟಳು. ಒಳಗೆ ಮರಳಿನ ಒಂದು ಕುಣಿ ಮಾಡಿದ್ದರು. ಅದರಲ್ಲಿ ಮೈಮೇಲೆ ಬಟ್ಟೆಯಿಲ್ಲದ ಒಬ್ಬ ಮನುಷ್ಯ, ಒಣಗಿ ಕಂದುಬಣ್ಣಕ್ಕೆ ತಿರುಗಿದವನು, ಮೊಣಕಾಲು ಎದೆಗೆ ಹಚ್ಚಿಕೊಂಡು ಮಗ್ಗುಲಾಗಿ ಮಲಗಿದ್ದ. ಸುತ್ತ ಗಡಿಗೆ ಇಟ್ಟಿದ್ದರು.

"ತಮ್ಮಾ, ಇದು ಹೆಣ ಏನು?"

"ಅಲ್ಲಕ್ಕಾ, ಗೊಂಬಿ. ಪ್ಲಾಸ್ಟರಿಂದ ಮಾಡ್ಯಾರ."

ಅಕ್ಕ ಬಗ್ಗಿ, ಗಾಜಿಗೆ ಮೂಗು ಹಚ್ಚಿ ನೋಡಿದಳು. ಎಷ್ಟು ಹೆಣ ನೋಡಿದ ಕಣ್ಣು ಅವು. "ಉಗುರು ಅದಾವ, ಕೂದಲಾ ಅದಾವ. ಸತ್ತವರ ಮುಂದ ನಿಂತು ಸುಳ್ಳ ಹೇಳ್ತಿ, ನಾಚಿಕಿ ಬರಾಂಗಿಲ್ಲೇನು ನಿನಗ?" ಎಂದಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ನನ್ನ ಎರಡು ತಾಸು ನೀರುಪಾಲಾದವು ಎಂದು ನನಗೆ ಅಲ್ಲೇ ತಿಳಿಯಿತು.

ಮೊದಲು ಅವಳು ಪರೀಕ್ಷೆ ಮಾಡಿದಳು. ನಮ್ಮಲ್ಲಿ ಸತ್ತವರನ್ನು ಕೂಡ್ರಿಸಿ ಮಣ್ಣು ಮಾಡುತ್ತಾರೆ. ಇವನ ಮೊಣಕಾಲು ನೋಡಿ, "ಕುಂದರಿಸಿದ್ದು ಖರೆ ಐತಿ. ಆದ್ರ ಆಸರಕ್ಕ ಏನೂ ಕೊಟ್ಟಿಲ್ಲ, ಅದಕ್ಕ ವಾಲ್ಯಾನ. ಯಾರ್ ಮಾಡಿದ್ರೋ ಏನೋ, ತಿಳಿಲಾರದವರು" ಎಂದು ತೀರ್ಪು ಕೊಟ್ಟಳು. ಆಚೆ ಕೋಣೆಯಲ್ಲಿ ಬಟ್ಟೆ ಸುತ್ತಿ ಅಂಗಾತ ಮಲಗಿಸಿದ್ದ ದೊಡ್ಡ ಮನೆತನದವರನ್ನು ಅವಳು ಲೆಕ್ಕಕ್ಕೇ ಹಿಡಿಯಲಿಲ್ಲ. ನಂತರ ಕೇಳಿದಳು, "ಮಣ್ಣು ಯಾಕ ಹಾಕಿಲ್ಲ? ಯಾರರ ಬರೋರು ಅದಾರೇನು?"

ನಾನು ತಾಳ್ಮೆ ತಂದುಕೊಂಡು ಹೇಳಿದೆ. ಇವನು ಸತ್ತು ಐದು ಸಾವಿರ ವರ್ಷಕ್ಕೂ ಹೆಚ್ಚಾಯಿತು, ಇನ್ನು ಬರುವವರು ಯಾರೂ ಇಲ್ಲ, ನಡೆ, ಕೆಳಗೆ ಹೋಗೋಣ ಎಂದೆ. ಅಕ್ಕ ಕಿವಿಗೆ ಹಾಕಿಕೊಳ್ಳಲಿಲ್ಲ.

"ಹೆಣ ನೋಡಿ ಮೈಮ್ಯಾಲ ನೀರ್ ಹಾಕ್ಕೊಳ್ಳಾರದ ಚಿತ್ರ ನೋಡ್ಕೋತ ಅಡ್ಡಾಡತಾರೇನು?"

"ಐದು ಸಾವಿರ ವರ್ಷದ ಹೆಣಕ್ಕ ಎಲ್ಲಿ ಸ್ನಾನ ಅಕ್ಕಾ? ಸೂತಕ ಅನ್ನೋದು ಹತ್ತ ದಿನಕ್ಕ ಮುಗೀತೈತಿ. ಅದೂ ಲಿಂಗಾ ಕಟ್ಟಿದ ನಮಗ ಸೂತಕಾನ ಇಲ್ಲ ಅಂತ ಕೂಡಲಸಂಗಮದಾಗ ಸ್ವಾಮಿಗೋಳು ಹೇಳಿದ್ದು ನೀನ ಕೇಳಿ ಬಂದಿಯಲ್ಲ."

"ಅವರ ಹೇಳಿದ್ರು. ಹೇಳಿ ಮಠಕ್ಕ ಹೋಗಿ ಅವರೂ ಸ್ನಾನ ಮಾಡಿದ್ರು." ಅಕ್ಕ ಬೆರಳು ಮಾಡಿ ಕುಣಿ ತೋರಿಸಿದಳು. "ಮಣ್ಣು ಆಗೈತೇನು ಇವಂಗ? ಇಲ್ಲ. ಮಣ್ಣು ಆಗೂತನಾ ಸತ್ತದ್ದು ಇವತ್ತ ಅಂತ ತಿಳ್ಕೊ. ಹಂತಾ ಮನ್ಯಾಗ ಒಲಿ ಹಚ್ಚಾಂಗಿಲ್ಲ ನಾವು. ಇವರು ನೋಡಿದ್ರ ಕೆಳಗ ಚಾ ಮಾರಾಕತ್ತಾರ."

ಕೆಳಗೆ ಚಹಾದ ಜೊತೆ ಕೇಕೂ ಮಾರುತ್ತಿದ್ದರು. ನಾನು ಹೇಳಲಿಲ್ಲ.

ಕೋಣೆಯ ಮೂಲೆಯಲ್ಲಿ ಕಾವಲಿನ ಹೆಣ್ಣುಮಗಳೊಬ್ಬಳು ಕುರ್ಚಿಯ ಮೇಲೆ ಕೂತಿದ್ದಳು. ಕಪ್ಪು ಬಟ್ಟೆ, ಸಪ್ಪೆ ಮುಖ. ಇಡೀ ದಿನ ಗಾಜಿನ ಪೆಟ್ಟಿಗೆ ಕಾಯುವವರ ಮುಖ ಮತ್ತೆ ಹೇಗಿರಬೇಕು. ಅಕ್ಕ ಅವಳನ್ನು ಸತ್ತವನ ಮನೆಯವಳೆಂದು ತಿಳಿದಳು. ಹೆಣವನ್ನು ಒಂಟಿ ಬಿಡಬಾರದು, ಮಣ್ಣಾಗುವವರೆಗೆ ಯಾರಾದರೂ ಹತ್ತಿರ ಕೂತಿರಬೇಕು ಎನ್ನುವುದು ನಮ್ಮ ಪದ್ಧತಿ. ಹಾಗೆ ಕೂತವಳು ಇವಳು ಎಂದು ಅಕ್ಕನಿಗೆ ಅನಿಸಿತು. ಹತ್ತಿರ ಹೋಗಿ ಅವಳ ಕೈ ಹಿಡಿದುಕೊಂಡಳು.

"ಒಬ್ಬಾಕಿನ ಕುಂತೀಯಲ್ಲವ್ವಾ. ಏನ್ ಮಾಡೂದು, ಅವನ ಋಣ ತೀರಿತು. ನೀ ಒಂದೀಟು ಅಡ್ಡಾಡಿ ಬಾ, ನಾ ಕುಂದರ್ತೇನಿ."

ಆ ಹೆಣ್ಣುಮಗಳು ನನ್ನ ಮುಖ ನೋಡಿದಳು. ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ನಮ್ಮ ಅಕ್ಕನಿಗೆ ಕಾಲು ನೋವು ಎಂದೆ. ಅವಳು ಥಟ್ಟನೆ ಎದ್ದು ಕುರ್ಚಿ ಬಿಟ್ಟುಕೊಟ್ಟು ಆಚೆ ಕೋಣೆಯ ಕಡೆ ಹೋದಳು. ಅಕ್ಕ ಅದರಲ್ಲಿ ಕೂತು, ಗಲ್ಲಕ್ಕೆ ಕೈ ಹಚ್ಚಿ, ಗಾಜಿನ ಪೆಟ್ಟಿಗೆಯ ಕಡೆ ಮುಖ ಮಾಡಿದಳು. ಫೋಟೋ ಹೊಡೆಯಲು ಬಂದ ಒಂದು ಜಪಾನಿ ಗುಂಪು ಅವಳನ್ನು ನೋಡಿ ತಂತಾನೇ ಮೆತ್ತಗೆ ಮಾತಾಡತೊಡಗಿತು. ಇಬ್ಬರಂತೂ ಟೊಪ್ಪಿಗೆ ತೆಗೆದರು.

ಹನ್ನೊಂದು ಹೊಡೆಯಿತು. ಹನ್ನೊಂದೂವರೆಯಾಯಿತು. "ನೀ ಹೋಗಿ ನಿನ್ನ ಹುಲಿ ನೋಡಿ ಬಾ" ಎಂದಳು ಅಕ್ಕ. ಸಿಂಹಿಣಿ ಎಂದು ನಾನು ತಿದ್ದಿದೆ. ಭಾಷೆ ಬಾರದ ಊರಿನಲ್ಲಿ, ಆ ಜಾತ್ರೆಯಂಥ ಮಂದಿಯೊಳಗೆ ಅವಳನ್ನು ಬಿಟ್ಟು ಹೋದರೆ ಮತ್ತೆ ಸಿಗುವ ಭರವಸೆ ನನಗಿರಲಿಲ್ಲ. ನನ್ನ ಮೈಯೆಲ್ಲ ಉರಿಯುತ್ತಿತ್ತು. ಮೂವತ್ತೊಂಬತ್ತು ವರ್ಷ ಕಾದ ಕಾಲು ಎರಡಂತಸ್ತು ಕೆಳಗಿದ್ದವು. ನಾನು ಇಲ್ಲಿ ಪರಿಚಯವಿಲ್ಲದ ಸತ್ತವನ ಕಾಲ ಬುಡದಲ್ಲಿ ನಿಂತಿದ್ದೆ.

"ಎಷ್ಟೊತ್ತು ಕುಂದರ್ತಿ ಅಕ್ಕಾ? ಅವನ ಮಣ್ಣು ಇವತ್ತ ಆಗೂದಲ್ಲ, ನಾಳಿಗೂ ಆಗೂದಲ್ಲ" ಎಂದು ಜೋರು ಮಾಡಿದೆ.

ಅಕ್ಕ ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. "ನಿನಗೇನ್ ಗೊತ್ತು ಕುಂದ್ರೂದು. ಅವ್ವನ ಮಣ್ಣಿಗೆ ಬರಲಾರದಾಂವ ನೀ."

ಬಾಯಿ ಬಂದಾಯಿತು. ಇಂಗ್ಲೆಂಡಿನಲ್ಲೂ ಆ ಮಾತು ಅಷ್ಟೇ ಚಲೋ ಕೆಲಸ ಮಾಡಿತು.

ಹನ್ನೊಂದೂ ಮುಕ್ಕಾಲಿಗೆ ಕಾವಲಿನವಳು ವಾಪಸು ಬಂದಳು. ಜವಾಬ್ದಾರಿ ಒಪ್ಪಿಸಿದ ಮೇಲೆ ಅಕ್ಕ ಎದ್ದಳು. ನಾನು ಆ ಹೆಣ್ಣುಮಗಳಿಗೆ ಥ್ಯಾಂಕ್ಯೂ ಹೇಳಿ, ರೂಢಿಯಂತೆ ಕನ್ನಡದಲ್ಲೇ ಬರುತ್ತೇವೆ ಎಂದದ್ದಕ್ಕೆ ಬೆನ್ನಿಗೊಂದು ಏಟು ಬಿತ್ತು. "ಸತ್ತ ಮನ್ಯಾಗ ಬರ್ತೇವಿ ಅಂತಾರೇನು? ಸುಮ್ಮ ಎದ್ದು ಬರಬೇಕು." ಹೊರಗೆ ಬಂದ ಮೇಲೆ ಒಪ್ಪಂದವಾಯಿತು. ಪೂರ್ತಿ ಸ್ನಾನ ಹೋಟೆಲಿನಲ್ಲಿ. ಅಲ್ಲಿಯವರೆಗೆ ಅನ್ನ ಮುಟ್ಟುವ ಹಾಗಿಲ್ಲ. ಸದ್ಯಕ್ಕೆ ಕಾಲು ಮುಖ ತೊಳೆದುಕೊಂಡರೆ ಸಿಂಹಿಣಿಯನ್ನು ನೋಡಬಹುದು.

ಹೆಂಗಸರ ಪಾಯಖಾನೆಯೊಳಗೆ ಹೋದವಳು ಇಪ್ಪತ್ತು ನಿಮಿಷ ಬರಲಿಲ್ಲ. ನಾನು ಹೊರಗೆ ಆ ಕಾಲಿನಿಂದ ಈ ಕಾಲಿಗೆ ಕುಣಿಯುತ್ತಿದ್ದೆ. ಬಂದಾಗ ಇಳಕಲ್ಲ ಸೀರೆಯ ಅಂಚು ತೊಯ್ದಿತ್ತು, ಮುಖದ ಮೇಲೆ ಸಮಾಧಾನವಿತ್ತು. "ಭಾಳ ಚಲೋ ಮಂದಿ. ನಾ ಒಂದೊಂದ ಕಾಲು ಎತ್ತಿ ಆ ಬಿಳೀ ಭಾಂಡ್ಯಾದಾಗ ಇಟ್ಟು ತೊಳ್ಯಾಕತ್ತಿದ್ದೆ. ಒಬ್ಬಾಕಿ ಬಿಳೀ ಹೆಣ್ಣಮಗಳು ನಾ ಬೀಳಬಾರದಂತ ರಟ್ಟಿ ಹಿಡ್ಕೊಂಡು ನಿಂತಿದ್ಲು. ಕಾಲು ಒರಸಾಕ ಕಾಗದಾನೂ ಕೊಟ್ಲು" ಎಂದಳು.

ಸಿಂಹಗಳ ಕೋಣೆ ಮುಟ್ಟಿದಾಗ ಹನ್ನೆರಡೂ ಹತ್ತು. ಗೋಡೆಯುದ್ದಕ್ಕೂ ಬೇಟೆ. ರಥ, ಕುದುರೆ, ಬಾಣ, ಸಾಲು ಸಾಲಾಗಿ ಸಾಯುವ ಸಿಂಹಗಳು. ನನ್ನದು ಎಲ್ಲೂ ಕಾಣಲಿಲ್ಲ. ಐಹೊಳೆಯ ಕಂಬದಷ್ಟಾದರೂ ದೊಡ್ಡದಿರುತ್ತದೆ ಎಂದು ನಾನು ಎತ್ತರಕ್ಕೆ ಹುಡುಕುತ್ತಿದ್ದೆ. ಕಡೆಗೆ ಅಕ್ಕನೇ ಕಂಡುಹಿಡಿದಳು. "ಇದೇನೋ, ನೀ ಮನ್ಯಾಗ ಗ್ವಾಡಿಗೆ ಅಂಟಿಸಿದ್ದು?" ಎರಡು ಅಂಗೈ ಜೋಡಿಸಿದರೆ ಮುಚ್ಚಿಹೋಗುವಷ್ಟು ಸಣ್ಣ ಕಲ್ಲಿನ ತುಣುಕು. ನನ್ನ ಪುಸ್ತಕದಲ್ಲಿ ಇದ್ದಷ್ಟೇ.

ನೆಲದ ಮೇಲೆ ಕೂತೆ. ಪೆನ್ಸಿಲು ತೆಗೆದೆ. ಮುಖ ಬಂತು, ಮುಂಗಾಲು ಬಂದವು. ಹಿಂಗಾಲಿಗೆ ಬಂದಾಗ ಕೈ ಹಳೆಯ ದಾರಿ ಹಿಡಿಯಿತು. ಒರೆಸಿದೆ, ತೆಗೆದೆ. ಮತ್ತೆ ಜಿಗಿಯುವ ಕಾಲು. ಮತ್ತೆ ಒರೆಸಿದೆ. ಕಾಗದ ತೆಳ್ಳಗಾಗಿ ಹರಿಯಿತು. ಮ್ಯಾನೇಜರನ ಕರೆ ಬಂದು ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ಮೂಲ ಕಲ್ಲು ಮೊಳ ದೂರದಲ್ಲಿತ್ತು. ತಪ್ಪು ಪುಸ್ತಕದ್ದಲ್ಲ, ನನ್ನದೇ ಎಂದು ಗೊತ್ತಾಗಿ ನನಗೆ ಅಳು ಬರುವಷ್ಟು ಸಿಟ್ಟು ಬಂತು.

ಅಕ್ಕ ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಳು. "ತಪ್ಪ ತಗದಿ" ಎಂದಳು.

"ನಿನಗೇನ್ ಗೊತ್ತು ಡ್ರಾಯಿಂಗು?"

"ಡ್ರಾಯಿಂಗ್ ಗೊತ್ತಿಲ್ಲ. ಕಾಲು ಗೊತ್ತೈತಿ. ನೀ ಅದು ಎದ್ದು ನಿಲ್ಲೂವಂಗ ತಗದಿ. ಅದಕ್ಕ ಆ ಕಾಲಾಗ ಜೀವ ಇಲ್ಲ. ಟೊಂಕದ ಕೆಳಗ ಎಲ್ಲಾ ಹೋಗೈತಿ. ಮುಂದಿನ ಕಾಲು ಎಳೀತಾವು, ಹಿಂದಿನವು ಸುಮ್ಮ ಹಿಂದ ಬರ್ತಾವು, ತೊಯ್ದ ಕೌದಿ ಎಳದಂಗ." ಕಲ್ಲಿನ ಕಡೆ ಕೈ ಮಾಡಿ ಅಂದಳು, "ಅವ್ವ ಹಂಗ ಬರ್ತಿದ್ಲಲ್ಲ ಬಾಗಲಾತನಾ. ನೀ ಎಲ್ಲಿ ನೋಡಿದಿ. ಲಕ್ವಾ ಹೊಡದು ಕಾಲು ಹೋಗಿದ್ವು, ಬಾಯಿ ಹೋಗಿದ್ದಿಲ್ಲ. ಎರಡೂ ಕೈ ಊರಿ, ಕುತಿಗಿ ಎತ್ತಿ, ಓಣಿಗೆಲ್ಲ ಕೇಳೂವಂಗ ಕೋಳಿಗೆ ಬೈತಿದ್ಲು. ಹಿಂಗ, ಇದರಂಗ."

ನಾನು ಕಲ್ಲು ನೋಡಿದೆ. ಆ ಕಡೆಯ ವರ್ಷ ನಾನು ಊರಿಗೆ ಹೋದದ್ದೇ ಎರಡು ಸಲ. ಅವ್ವ ತೆವಳುವುದನ್ನು ನೋಡಲಾರದೆ, ಓದುವುದಿದೆ ಎಂದು ಹೇಳಿ ಮರುದಿನವೇ ಬಸ್ಸು ಹತ್ತಿದ್ದೆ. ಯಾರಿಗೂ ಹೇಳದ ಮಾತು ಅಲ್ಲೇ ನೆಲದ ಮೇಲೆ ಕೂತು ಬಾಯಿಗೆ ಬಂತು.

"ಅಕ್ಕಾ, ಅವತ್ತು ಬಸ್ ತಪ್ಪಿದ್ದಿಲ್ಲ. ಸುದ್ದಿ ಹನ್ನೊಂದಕ್ಕ ಬಂದಿತ್ತು. ಆಫೀಸಿನವರು ಪರೀಕ್ಷಾದ ಹಾಲಿಗೇ ಚೀಟಿ ತಂದ್ಕೊಟ್ಟಿದ್ರು. ಹಿಂಗಾಲು ಮುಗಿಸಿ ಹೋಗೂನು ಅಂತ ಎರಡರತನಾ ಕುಂತೆ."

ನಾನು ತಲೆ ಎತ್ತುವ ಧೈರ್ಯ ಮಾಡಲಿಲ್ಲ. ಅವಳ ತೊಯ್ದ ಸೀರೆಯ ಅಂಚು, ನೆಲದ ಮೇಲೆ ಅವಳ ಹೆಜ್ಜೆಯ ಹಸಿ ಗುರುತು ಕಾಣುತ್ತಿದ್ದವು.

"ಬಾಯಿ ಮುಚ್ಚು" ಎಂದಳು ಕಡೆಗೆ. "ಕಾಲು ತಗಿ. ಹೊತ್ತಾತು."

ಹೊಸ ಹಾಳೆ ತಿರುವಿ, ಜೀವವಿಲ್ಲದ ಎರಡು ಕಾಲು ತೆಗೆದೆ. ಐದು ನಿಮಿಷ ಹಿಡಿಯಿತು. ಒರೆಸಲಿಲ್ಲ. ಬಂದವು.

ಬಸ್ಸು ಮುಟ್ಟಿದಾಗ ಒಂದಕ್ಕೆ ಹತ್ತು ನಿಮಿಷ ಕಡಿಮೆ. ಡ್ರೈವರ್ ನಿಂತಿದ್ದ, ಮ್ಯಾನೇಜರನ ಮುಖ ಅವನ ಕೋಲಿನ ವಸ್ತ್ರದ ಬಣ್ಣಕ್ಕೆ ತಿರುಗಿತ್ತು. ಗುಂಪಿನವರೆಲ್ಲ ಊಟ ಮುಗಿಸಿ ನಮ್ಮನ್ನು ದುರುಗುಟ್ಟಿಕೊಂಡು ನೋಡಿದರು. ಅಡಿಗೆಯವನು ಪಾಪ, ನಮಗೆಂದು ಎರಡು ತಾಟು ತೆಗೆದಿಟ್ಟಿದ್ದ. ಅನ್ನ, ಬಿಸಿ ಸಾರು, ಕಡಕ್ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಅಕ್ಕ ಬೇಡವೆಂದು ಕೈ ಮಾಡಿ ಕಿಟಕಿಯ ಪಕ್ಕ ಕೂತಳು. ನನ್ನ ಹೊಟ್ಟೆ ಚುರುಗುಟ್ಟುತ್ತಿತ್ತು. ತಾಟು ಇಸಿದುಕೊಂಡೆ, ರೊಟ್ಟಿ ಮುರಿದೆ. ಅವ್ವ ತೀರಿಕೊಂಡ ದಿನ ಸಂಜೆ ಶಿರೂರಿನ ಕಟ್ಟೆಯ ಮೇಲೆ ಎಲ್ಲರೂ ಹಸಿ ಕೂದಲಿನಲ್ಲಿ ಕೂತಿದ್ದದ್ದು ನೆನಪಾಯಿತು. ನಾನೊಬ್ಬ ಮಣ್ಣಿಗೆ ಹೋಗಿರಲಿಲ್ಲ, ಹಾಗಾಗಿ ಸ್ನಾನ ಮಾಡು ಎಂದು ನನಗೆ ಯಾರೂ ಹೇಳಿರಲಿಲ್ಲ. ತಾಟು ವಾಪಸು ಕೊಟ್ಟೆ.

"ಯಾಕ್ರಿ ಕಾಕಾ, ಊಟ?" ಎಂದ ಮ್ಯಾನೇಜರ್.

"ಸ್ನಾನ ಆಗಿಲ್ಲಪಾ. ಮಣ್ಣಿಗೆ ಹೋಗಿದ್ವಿ."

"ಲಂಡನ್ನಿನ್ಯಾಗ ಯಾರ ಮಣ್ಣಿಗ್ರಿ?"

ಕಿಟಕಿಯ ಕಡೆಯಿಂದ ಅಕ್ಕ ಹೇಳಿದಳು.

"ನಮ್ಮವ್ವನ ಮಣ್ಣಿಗೆ. ಇಂವ ಬರೂದು ಸ್ವಲ್ಪ ತಡಾ ಆತಪಾ. ಕುಳಗೇರಿ ಕ್ರಾಸಿನ್ಯಾಗ ಬಸ್ ತಪ್ಪಿತ್ತು ಅವಂಗ."